ಐಸ್ ನೀರಿನಲ್ಲಿ ಮೈನಸ್ ಮೂರು

14 ಅಕ್ಟೋಬರ್ 2024, ಸೋಮವಾರ

ದಸರೆ ಮುಗಿಸಿ ಡ್ಯೂಟಿಗೆ ಬಂದರೆ ನಮ್ಮ ಸಕ್ಕರೆ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ರೂಮಿನಲ್ಲಿ ಇನ್ನೂ ಚೆಂಡುಹೂವಿನ ವಾಸನೆ. ಶುಕ್ರವಾರದ ಆಯುಧಪೂಜೆಯಲ್ಲಿ ಯಾರಿಗೋ ಭಕ್ತಿ ಉಕ್ಕಿ, ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕ್ಯಾಲಿಬ್ರೇಟರಿನ ಪರದೆಗೇ ವಿಭೂತಿ ಬಳಿದಿದ್ದರು. ಸಾಕೆಟ್ ತೂತುಗಳಲ್ಲಿ ಕುಂಕುಮ. ಸ್ಪಿರಿಟ್ ಹಾಕಿ ಒರೆಸುವುದರಲ್ಲೇ ಅರ್ಧ ಗಂಟೆ ಹೋಯಿತು. ಪೂಜೆ ಬೇಡ ಅನ್ನುವವನಲ್ಲ ನಾನು, ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚಿದ್ದರೂ ದೇವರು ಒಪ್ಪುತ್ತಿದ್ದ ಅಂತಷ್ಟೇ.

ಕಬ್ಬು ನುರಿಸುವ ಹಂಗಾಮಿಗೆ ಇನ್ನು ಕೆಲವೇ ವಾರ. ಜ್ಯೂಸ್ ಹೀಟರಿನ ಟೆಂಪರೇಚರ್ ಟ್ರಾನ್ಸ್‌ಮಿಟರುಗಳು ಇವತ್ತಿನ ಪಾಲಿಗೆ. ರಸದ ಉಷ್ಣತೆಯನ್ನು 4ರಿಂದ 20 ಮಿಲಿಆಂಪ್ ಕರೆಂಟಾಗಿ ಬದಲಾಯಿಸಿ ಕಂಟ್ರೋಲ್ ರೂಮಿಗೆ ಕಳಿಸುವುದು ಇವುಗಳ ಕೆಲಸ. ಜೊತೆಗೆ ಹೊಸದಾಗಿ ಸೇರಿದ ಟ್ರೇನಿ ಹುಡುಗ. ಬೆಂಚಿನ ಮೇಲೆ ಮೊದಲನೆಯದನ್ನು ಇಟ್ಟು 24 ವೋಲ್ಟ್ ಕೊಟ್ಟೆ. ಮಿಲಿಆಂಪ್ ನೋಡು ಅಂದದ್ದೇ ತಡ, ಮೀಟರಿನ ಎರಡೂ ಕಡ್ಡಿಗಳನ್ನು ಸಪ್ಲೈಗೆ ಅಡ್ಡಲಾಗಿ ಹಿಡಿದ. ಟಿಕ್ ಅಂತ ಫ್ಯೂಸ್ ಹೋಯಿತು. ಬೈಯಲಿಲ್ಲ, ನನ್ನ ಮೊದಲ ವರ್ಷ ಇಂಥವು ಮೂರು ಸುಟ್ಟಿದ್ದೆ. ವೈರ್ ಬಿಚ್ಚಿ, ಮೀಟರನ್ನು ದಾರಿಯ ನಡುವೆ ಸೇರಿಸಿ ತೋರಿಸಿದೆ: ಕರೆಂಟ್ ಮೀಟರಿನೊಳಗಿಂದಲೇ ಹಾದುಹೋಗಬೇಕು.

"ಸರ, 4ರಿಂದ ಯಾಕ್ರಿ? ಸೊನ್ನೆಯಿಂದ ಶುರು ಮಾಡಿದ್ರ ಲೆಕ್ಕ ಸಸಾರ ಇರ್ತಿತ್ತಲ್ರಿ?"

"ಕಿಸೆದಾಗ ರೊಕ್ಕ ಇಲ್ಲ ಅನ್ನೋದಕ್ಕೂ ಕಿಸೆನ ಇಲ್ಲ ಅನ್ನೋದಕ್ಕೂ ಫರಕ್ ಐತಿಲ್ಲೋ?" ಅಂದೆ. 4 ಮಿಲಿಆಂಪ್ ಅಂದರೆ ಅಳತೆ ಸೊನ್ನೆ, ಸೊನ್ನೆ ಮಿಲಿಆಂಪ್ ಅಂದರೆ ವೈರೇ ಕಡಿದಿದೆ. ನಗುತ್ತಾ ತಲೆಯಾಡಿಸಿದ. ಕರೆಂಟಿನ ಬದಲು ಗಾಳಿಯ ಒತ್ತಡದಲ್ಲಿ ಅಳತೆ ಕಳಿಸುತ್ತಿದ್ದ ಕಾಲದಲ್ಲೂ 3ರಿಂದ 15 ಪಿಎಸ್‌ಐ ಇತ್ತೇ ಹೊರತು ಸೊನ್ನೆಯಿಂದ ಶುರುವಾಗುತ್ತಿರಲಿಲ್ಲ.

ಆಮೇಲೆ ಎರಡನೇ ಹೀಟರ್. ಸಲ್ಫೈಟೇಶನ್ ಆದ, ಅಂದರೆ ಗಂಧಕದ ಹೊಗೆ ಹಾಯಿಸಿದ ರಸ ಇಲ್ಲಿ ನೂರು ಡಿಗ್ರಿ ದಾಟಿ ಎರಡು ಮೂರು ಡಿಗ್ರಿ ಮೇಲೆ ಕಾಯಬೇಕು. ಆಗಲೇ ಫ್ಲ್ಯಾಶ್ ಟ್ಯಾಂಕಿನಲ್ಲಿ ಒಳಗಿನ ಗಾಳಿ ಹಾರಿಹೋಗಿ ಕ್ಲಾರಿಫೈಯರಿನಲ್ಲಿ ಮಡ್ಡಿ ಚೆನ್ನಾಗಿ ಕೂರುವುದು. ತೀರಾ ಹೆಚ್ಚಾದರೆ ರಸದ ಬಣ್ಣ ಕೆಡುತ್ತದೆ, ಸಕ್ಕರೆಯೂ ನಷ್ಟ. ಹಾಗಾಗಿ ಇಲ್ಲಿ ಮೂರು ಡಿಗ್ರಿ ಅಂದರೆ ಸಣ್ಣ ಮಾತಲ್ಲ. ಆಫ್ ಸೀಸನ್ನಿನಲ್ಲಿ ನಮ್ಮವರೇ ಇದರ ಆರ್‌ಟಿಡಿ (ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರುವ ಸೆನ್ಸರ್), ಕೇಬಲ್ ಎರಡನ್ನೂ ಬದಲಾಯಿಸಿದ್ದರು.

ಗೇಟಿನ ಆಚೆಯ ಸೋಡಾ ಅಂಗಡಿಯಿಂದ ಐಸ್ ತರಿಸಿ, ಬಟ್ಟೆಯಲ್ಲಿ ಕಟ್ಟಿ ಸುತ್ತಿಗೆಯಿಂದ ಪುಡಿ ಮಾಡಿ ಥರ್ಮಾಸಿಗೆ ತುಂಬಿದೆವು. ಐಸ್ ತೇಲದಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್. ನೀರು ಜಾಸ್ತಿಯಾದರೆ ತಳದಲ್ಲಿ ಸೊನ್ನೆ ಡಿಗ್ರಿ ಇರುವುದಿಲ್ಲ. ಆರ್‌ಟಿಡಿಯನ್ನು ನಡುಮಧ್ಯಕ್ಕೆ ಇಳಿಸಿ ಹತ್ತು ನಿಮಿಷ ಕಾದು ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ.

"ಮೈನಸ್ ಮೂರು ಪಾಯಿಂಟ್ ಒಂದು," ಅಂದರು.

ಟ್ರಾನ್ಸ್‌ಮಿಟರಿನ ಜೊತೆ ನೇರವಾಗಿ ಮಾತಾಡುವ ಹಾರ್ಟ್ ಕಮ್ಯುನಿಕೇಟರ್ ಸಿಕ್ಕಿಸಿದರೆ ಟ್ರಾನ್ಸ್‌ಮಿಟರ್ ಮಾತ್ರ 0.1 ಅನ್ನುತ್ತಿದೆ. ಆರ್‌ಟಿಡಿ ಬಿಚ್ಚಿ ಅದರ ಜಾಗದಲ್ಲಿ ಕ್ಯಾಲಿಬ್ರೇಟರಿನಿಂದ 100.00 ಓಮ್ ಕೊಟ್ಟೆ. ಕಮ್ಯುನಿಕೇಟರಿನಲ್ಲಿ 0.0 ಡಿಗ್ರಿ, ಮೀಟರಿನಲ್ಲಿ 4.00ರ ಬದಲು 3.67 ಮಿಲಿಆಂಪ್. 138.51 ಓಮ್ ಕೊಟ್ಟರೆ ಸರಿಯಾಗಿ 100 ಡಿಗ್ರಿ, ಆದರೆ 14.67 ಬರಬೇಕಾದಲ್ಲಿ 14.34. 157.33 ಓಮ್‌ಗೆ 150 ಡಿಗ್ರಿ, ಅಲ್ಲಿ 20.00ರ ಬದಲು 19.67. ಎಲ್ಲ ಕಡೆಯೂ ಅದೇ 0.33 ಕಮ್ಮಿ. ಸೆನ್ಸರ್ ಓದುವ ಕಣ್ಣು ನೆಟ್ಟಗಿದೆ, ಕರೆಂಟ್ ಕಳಿಸುವ ಬಾಯಿ ಸುಳ್ಳು ಹೇಳುತ್ತಿದೆ. ಇಷ್ಟು ಅಚ್ಚುಕಟ್ಟಾದ ಸುಳ್ಳನ್ನು ಯಂತ್ರ ತಾನಾಗಿ ಕಲಿಯುವುದಿಲ್ಲ, ಯಾರೋ ಕಲಿಸಿರಬೇಕು.

ಯಾರು ಅಂತ ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಳೆದ ಹಂಗಾಮು, ಫೆಬ್ರವರಿ, ರಾತ್ರಿ ಪಾಳಿ. ಹಳೆಯ ಕೇಬಲಿನಲ್ಲಿ ಮೂರನೇ ವೈರ್ ಕಡಿದಿತ್ತು. ಹೀಟರ್ ನಿಲ್ಲಿಸುವ ಹಾಗಿಲ್ಲ. ಟರ್ಮಿನಲ್ಲಿಗೆ ಒಂದು ಜಂಪರ್ ಹಾಕಿ ಎರಡೇ ವೈರಿನಲ್ಲಿ ಓಡಿಸಿದೆ. ಹದಿನೈದು ಮೀಟರ್ ತೆಳು ವೈರಿನ ರೆಸಿಸ್ಟೆನ್ಸ್ ಹೋಗಿಬರುವ ದಾರಿಯೆಲ್ಲ ಸೇರಿ ಸುಮಾರು 1.2 ಓಮ್. ಮೂರು ವೈರ್ ಇದ್ದಾಗ ಟ್ರಾನ್ಸ್‌ಮಿಟರ್ ಅದನ್ನು ಲೆಕ್ಕದಿಂದ ಕಳೆಯುತ್ತದೆ, ಎರಡೇ ಇದ್ದರೆ ಅದೂ ಉಷ್ಣತೆಯೇ ಅಂದುಕೊಳ್ಳುತ್ತದೆ. ಸೊನ್ನೆ ಡಿಗ್ರಿಯಲ್ಲಿ 100 ಓಮ್ ಇರುವ ಪಿಟಿ-100 ಆರ್‌ಟಿಡಿಯಲ್ಲಿ ಡಿಗ್ರಿಗೆ 0.385 ಓಮ್, ಅಲ್ಲಿಗೆ ಮೂರು ಡಿಗ್ರಿ ಜಾಸ್ತಿ. ಪ್ಯಾನೆಲ್ 105 ತೋರಿಸುತ್ತಿದೆ, ಪೈಪಿನ ಮೇಲಿನ ಡಯಲ್ ಗೇಜ್ 102. ಪಾಳಿಯವರು ತಲೆ ತಿನ್ನುತ್ತಿದ್ದರು. ತಪ್ಪಿದ್ದದ್ದು ಇನ್‌ಪುಟ್ಟಿನಲ್ಲಿ, ನಾನು ಹೊರಹೋಗುವ ಕರೆಂಟನ್ನು ತಿದ್ದುವ ಔಟ್‌ಪುಟ್ ಟ್ರಿಮ್ಮಿಗೆ ಹೋಗಿ ಮೂರು ಡಿಗ್ರಿಯಷ್ಟು ಮಿಲಿಆಂಪ್ ಇಳಿಸಿ ಎರಡೂ ಲೆಕ್ಕ ಕೂಡಿಸಿ ಮಲಗಿದೆ. ಬೆಳಿಗ್ಗೆ ಯಾರಿಗೂ ಹೇಳಲಿಲ್ಲ. ಈಗ ಅವರು ನೆಟ್ಟಗೆ ಮೂರು ವೈರ್ ಹಾಕಿದ್ದಕ್ಕೆ ನನ್ನ ಹಳೆಯ ತೇಪೆ ಹೊರಗೆ ಬಿತ್ತು.

ಸರಿಪಡಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಔಟ್‌ಪುಟ್ ಟ್ರಿಮ್ ತೆರೆದರೆ ಅದು 4 ಮಿಲಿಆಂಪ್ ಕೊಡುತ್ತಿದ್ದೇನೆ ಅನ್ನುತ್ತದೆ. ಮೀಟರ್ ತೋರಿಸಿದ 3.67 ತುಂಬಿದರೆ ತಾನೇ ತಿದ್ದಿಕೊಳ್ಳುತ್ತದೆ. 20ಕ್ಕೂ ಹಾಗೆಯೇ. ಸೆನ್ಸರಿನ ಓದನ್ನು ತಿದ್ದುವ ಸೆನ್ಸರ್ ಟ್ರಿಮ್ಮಿನ ಕಡೆ ಕೈ ಹಾಕಲೇ ಇಲ್ಲ, ಅದು ಸರಿಯಾಗಿತ್ತು. ಮತ್ತೆ ಏರಿಸುತ್ತಾ, ಇಳಿಸುತ್ತಾ ನೋಡಿದೆ. 119.40 ಓಮ್‌ಗೆ 9.33, 138.51ಕ್ಕೆ 14.67. ಥರ್ಮಾಸಿನಲ್ಲಿ ಉಳಿದ ಐಸಿಗೆ ಆರ್‌ಟಿಡಿ ಇಳಿಸಿ ಫೋನ್ ಮಾಡಿದರೆ ಕಂಟ್ರೋಲ್ ರೂಮಿನಲ್ಲಿ 0.1.

ಹುಡುಗ ಎಲ್ಲ ಕೇಳಿಸಿಕೊಂಡು, "ಹಂಗಾದ್ರ ಇದನ್ನ ಕೆಡಿಸಿದ್ದು ನೀವ ಏನ್ರಿ ಸರ?" ಅಂದ. ಹೂಂ ಅಂದೆ.

ಸಂಜೆ ರಿಜಿಸ್ಟರ್ ತೆಗೆದು ಫೆಬ್ರವರಿಯ ಪುಟ ನೋಡಿದೆ. ನನ್ನದೇ ಸಹಿ. ಕೆಲಸ ಮುಗಿದ ಮೇಲಿನ ಅಳತೆಯ ಆಸ್ ಲೆಫ್ಟ್ ಕಾಲಂ ಭರ್ತಿ, ಮೊದಲಿನ ಅಳತೆಯ ಆಸ್ ಫೌಂಡ್ ಖಾಲಿ. ಕೈ ಹಾಕುವ ಮೊದಲು ಏನಿತ್ತು ಅಂತ ಒಂದು ಅಂಕಿ ಬರೆದಿದ್ದರೂ ಇವತ್ತು ಐಸ್ ಕುಟ್ಟುವ ಕೆಲಸ ತಪ್ಪುತ್ತಿತ್ತು. ಇಂದಿನ ಸಾಲಿನಲ್ಲಿ 3.67, 14.34, 19.67 ಬರೆದು, ಕಾರಣದ ಜಾಗದಲ್ಲಿ ಜಂಪರಿನ ವಿಷಯವನ್ನೂ ಬರೆದೆ. ಪುಟ ಹಿಂದಕ್ಕೆ ತಿರುವಿದರೆ ಅದೇ ತಿಂಗಳಲ್ಲಿ ಅದೇ ಸಹಿಯ, ಆಸ್ ಫೌಂಡ್ ಖಾಲಿ ಇರುವ ಇನ್ನೆರಡು ಉಪಕರಣಗಳ ಟ್ಯಾಗ್ ನಂಬರುಗಳು ಸಿಕ್ಕವು. ಸೋಡಾ ಅಂಗಡಿಯವನಿಗೆ ನಾಳೆ ಎರಡು ಕೆಜಿ ಐಸ್ ಎತ್ತಿಡಲು ಹೇಳಿ ಮನೆಗೆ ಬಂದೆ.