ಗೋಡೆ ಒಡೆದರೂ ಬಾಗಿಲು ಹಾಕದ ಲೈಬ್ರರಿ

ಹೋದ ವರ್ಷ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಾಲಿನ ಸುದ್ದಿ ಬಂತು. ‘ಪಂಚಸೂತ್ರ ಹೋದರಂತೆ.’ ಹೆಸರು ಯಾರೂ ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. 1987ರಿಂದ 89ರವರೆಗೆ ನಮ್ಮ ಕ್ಯಾಂಪಸ್ಸಿನಲ್ಲಿ ಓದಿದ ಎಲ್ಲರಿಗೂ ಪಂಚಸೂತ್ರ ಅಂದರೆ ಒಬ್ಬರೇ, ನಮ್ಮ ಲೈಬ್ರರಿಯನ್ ಸರ್.

ಎಂ.ಎ. ಅರ್ಥಶಾಸ್ತ್ರದಲ್ಲಿ ಏನು ಓದಿದೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ಒಂದು ಗ್ರಾಫೂ ನೆನಪಿಲ್ಲ. ಬ್ಯಾಂಕಿಗೆ ಸೇರಿದ ಮೇಲೆ ಅದರ ಅಗತ್ಯವೂ ಬೀಳಲಿಲ್ಲ. ನೆನಪಿರುವುದು ಲೈಬ್ರರಿಯ ಹಸಿ ಸಿಮೆಂಟಿನ ವಾಸನೆ. ನಾವು ಓದಿದ ಎರಡು ವರ್ಷವೂ ಲೈಬ್ರರಿಯನ್ನು ದೊಡ್ಡದು ಮಾಡುತ್ತಲೇ ಇದ್ದರು. ಆ ಎರಡು ವರ್ಷದಲ್ಲಿ ಕೆಲಸದ ನೆಪದಿಂದ ಒಂದೇ ಒಂದು ದಿನವೂ ಅದು ಮುಚ್ಚಲಿಲ್ಲ.

ಅಡ್ಡಹೆಸರಿನ ಕತೆ ಮೊದಲು ಹೇಳಿಬಿಡುತ್ತೇನೆ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಲೈಬ್ರರಿಗೆ ಐದು ಸೂತ್ರ ಬರೆದರು. ಪುಸ್ತಕ ಇರುವುದು ಬಳಸಲಿಕ್ಕೆ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಸಮಯ ಉಳಿಸು. ಲೈಬ್ರರಿ ಅಂದರೆ ಬೆಳೆಯುವ ಜೀವ. ನಮ್ಮ ಸರ್ ಯಾವ ಮಾತು ಶುರು ಮಾಡಿದರೂ ಈ ಐದರಲ್ಲಿ ಒಂದಕ್ಕೆ ತಂದು ನಿಲ್ಲಿಸುತ್ತಿದ್ದರು. ರಂಗನಾಥನ್ ಬೆಂಗಳೂರಿನಲ್ಲಿ 1962ರಲ್ಲಿ ಶುರು ಮಾಡಿದ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿಯಲ್ಲಿ ಅವರ ಕೈಕೆಳಗೇ ಕಲಿತವರು ಇವರು. ಓದಲು ಬೋರಾಗುತ್ತೆ ಸರ್ ಅಂತ ಯಾರಾದರೂ ಅಂದರೆ ಒಂದು ಕತೆ ತಪ್ಪದೆ ಬರುತ್ತಿತ್ತು. ರಂಗನಾಥನ್ ಮೂಲದಲ್ಲಿ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದಾಗ ಮೊದಮೊದಲು ಅವರಿಗೂ ಬೋರಾಗಿ, ವಾಪಸ್ ಪಾಠಕ್ಕೇ ಹೋಗುತ್ತೇನೆ ಅಂದಿದ್ದರಂತೆ. “ಅವರು ಹೋಗಿದ್ದಿದ್ರೆ ನಿನಗೆ ಈ ಪುಸ್ತಕ ಹುಡುಕೋಕೆ ಮೂರು ದಿನ ಬೇಕಿತ್ತು. ಕೂತ್ಕೊಂಡು ಓದು.”

ನಾವು ಸೇರುವ ಹೊತ್ತಿಗೆ ಹಳೇ ಕಟ್ಟಡ ತುಂಬಿ ತುಳುಕುತ್ತಿತ್ತು. ರ್‍ಯಾಕಿನ ಮೇಲೆ ಪುಸ್ತಕ, ಕಿಟಕಿಯ ಕಟ್ಟೆ ಮೇಲೆ ಪುಸ್ತಕ, ಮೆಟ್ಟಿಲ ಕೆಳಗೂ ಪುಸ್ತಕ. ಹಿಂದುಗಡೆ ಹೊಸ ಭಾಗ ಕಟ್ಟಲು ಹಣ ಬಂತು. ಒಂದು ವರ್ಷ ಲೈಬ್ರರಿ ಮುಚ್ಚಿ, ಬೇಗ ಮುಗಿಸೋಣ ಅಂತ ಮೀಟಿಂಗಿನಲ್ಲಿ ಮಾತು ಬಂತಂತೆ. ಸರ್ ಎದ್ದು ನಿಂತು, “ಬೆಳೆಯೋ ಮಗೂಗೆ ಒಂದು ವರ್ಷ ಉಸಿರಾಡಬೇಡ ಅಂತ ಹೇಳ್ತೀರಾ?” ಅಂದರಂತೆ. ಇದನ್ನು ನಮಗೆ ಹೇಳಿದವನು ಅಟೆಂಡರಣ್ಣ. ಟೀ ಕೊಡಲು ಒಳಗೆ ಹೋಗಿದ್ದನಂತೆ. ಅವನ ಮಾತಿನಲ್ಲಿ ಅರ್ಧ ಉಪ್ಪುಖಾರ ಇರುತ್ತಿತ್ತು ಅನ್ನುವುದೂ ನಿಜ.

ಮುಚ್ಚದೆ ನಡೆಸುವುದು ಅಂದರೆ ಏನು ಅಂತ ನಮಗೆ ದಿನಾ ಕಾಣುತ್ತಿತ್ತು. ಸುತ್ತಿಗೆ ಕೆಲಸವೆಲ್ಲ ಬೆಳಿಗ್ಗೆ ಒಂಬತ್ತರೊಳಗೆ. ಆಮೇಲೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದು ಗಂಟೆ. ಪರೀಕ್ಷೆಯ ತಿಂಗಳಲ್ಲಿ ಗಾರೆ, ಸುಣ್ಣಬಣ್ಣ ಬಿಟ್ಟರೆ ಬೇರೆ ಏನೂ ಇಲ್ಲ. ಮೇಸ್ತ್ರಿ ಗೊಣಗುತ್ತಿದ್ದ. ಕಂಟ್ರಾಕ್ಟರ್ ಅಂತೂ ಸರ್ ಬರುತ್ತಿದ್ದಾರೆ ಅಂದರೆ ಮರಳಿನ ಗುಡ್ಡೆಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಹಳೆಯದಕ್ಕೂ ಹೊಸದಕ್ಕೂ ನಡುವಿನ ಗೋಡೆಯನ್ನು ಕೊನೆಯವರೆಗೂ ಒಡೆಯಲು ಬಿಡಲಿಲ್ಲ. ಧೂಳು ಪುಸ್ತಕಕ್ಕೆ ಬೀಳದಂತೆ ತಾರ್ಪಾಲು, ಅದರ ಹೊರಗೆ ಒದ್ದೆ ಗೋಣಿತಾಟು. ಅದಕ್ಕೆ ದಿನಕ್ಕೆ ನಾಲ್ಕು ಸಲ ನೀರು ಹೊಡೆಯುವುದು ಅಟೆಂಡರಣ್ಣನ ಕೆಲಸ.

ಹೊಸ ಭಾಗದ ಮೇಲಿನ ಮಹಡಿಯಲ್ಲಿ ರ್‍ಯಾಕು ಇಡೋಣ, ಕೆಳಗೆ ಓದುವ ಕೋಣೆ ಇರಲಿ ಅಂತ ಯಾರೋ ಹೇಳಿದಾಗ ಸರ್ ಲೆಕ್ಕ ತೆಗೆದರು. ಪುಸ್ತಕದ ರ್‍ಯಾಕು ನಿಲ್ಲುವ ನೆಲ ಚದರ ಮೀಟರಿಗೆ ಕಡಿಮೆ ಅಂದರೂ ಸುಮಾರು 600 ಕಿಲೋ ತಡೆಯಬೇಕು. ಬರೀ ಮೇಜು ಕುರ್ಚಿಯ ಓದುವ ಕೋಣೆಗೆ ಅದರ ಅರ್ಧ ಸಾಕು. ಹಾಗಾಗಿ ಪುಸ್ತಕ ಕೆಳಗೆ, ಓದುವವರು ಮೇಲೆ. ಮುಂದೆ ನಮ್ಮ ಶಾಖೆಯಲ್ಲಿ ಲಾಕರ್ ಕೋಣೆ ಮಾಡಿಸುವಾಗ ಈ ತೂಕದ ಪ್ರಶ್ನೆಯನ್ನು ಎಂಜಿನಿಯರ್‌ಗೆ ಮೊದಲು ಕೇಳಿದವಳು ನಾನೇ. ಅವರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಇನ್ನೊಂದು ಉಪಾಯ ನನಗೆ ಇವತ್ತಿಗೂ ಬಲು ಇಷ್ಟ. ರ್‍ಯಾಕು ಸಾಗಿಸುವ ಮೊದಲು ಜಾಗ ಖಾಲಿ ಆಗಬೇಕಲ್ಲ? ಬೇಸಿಗೆ ರಜೆಗೆ ಮುಂಚೆ ಸರ್ ನೋಟೀಸು ಹಾಕಿದರು. ಎರಡು ಪುಸ್ತಕದ ಬದಲು ಒಬ್ಬೊಬ್ಬರು ಹತ್ತು ಒಯ್ಯಬಹುದು, ರಜೆ ಮುಗಿಯುವವರೆಗೂ ದಂಡವಿಲ್ಲ! ನಾವು ಟ್ರಂಕು ತಂದು ತುಂಬಿಕೊಂಡೆವು. ತಿಪಟೂರಿನ ನಮ್ಮ ಮನೆಗೆ ಹತ್ತು ಪುಸ್ತಕ ಹೊತ್ತುಕೊಂಡು ಹೋದಾಗ ಅಪ್ಪ ಹೆಮ್ಮೆಪಟ್ಟರು. ಮಗಳು ಲೈಬ್ರರಿಗೆ ಬಿಟ್ಟಿ ಗೋಡೌನು ಆಗಿದ್ದಾಳೆ ಅಂತ ಅವರಿಗೆ ಗೊತ್ತಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಪೇಪರಿಗೆ ಬೇಕಾದ ದಪ್ಪ ಪುಸ್ತಕ ಒಂದಿತ್ತು. ಪ್ರತಿ ಒಂದೇ. ಓದುವವರು ಇಪ್ಪತ್ತೆರಡು ಜನ. ಲೈಬ್ರರಿಯಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ನಂಬರು ಕೊಡುವ ಡ್ಯೂಯಿ ಲೆಕ್ಕದಲ್ಲಿ ಅರ್ಥಶಾಸ್ತ್ರ ಅಂದರೆ 330. ನಾನು ಅದನ್ನು ಅಲ್ಲಿಂದ ಎತ್ತಿ 636ರಲ್ಲಿ ತೂರಿಸಿದೆ. 636 ಅಂದರೆ ಪಶುಪಾಲನೆ. ನಮ್ಮ ಕ್ಯಾಂಪಸ್ಸಿನಲ್ಲಿ ಎಮ್ಮೆ ದನದ ಬಗ್ಗೆ ಓದುವವರು ಯಾರಿದ್ದಾರೆ, ಅಲ್ವಾ? ಎರಡು ವಾರ ರಾಜಯೋಗ. ದಿನಾ ಹೋಗಿ, ಎಮ್ಮೆಗಳ ನಡುವಿಂದ ಪುಸ್ತಕ ಎಳೆದು, ಓದಿ, ಮತ್ತೆ ಅಲ್ಲೇ ಬಚ್ಚಿಡುತ್ತಿದ್ದೆ.

ಪರೀಕ್ಷೆಗೆ ಎರಡು ದಿನ ಇರುವಾಗ ಹೋಗಿ ನೋಡಿದರೆ 636 ಇಲ್ಲ! ರ್‍ಯಾಕು ಇದ್ದ ಜಾಗದಲ್ಲಿ ನೆಲದ ಮೇಲೆ ಧೂಳಿನ ಚೌಕ ಮಾತ್ರ. ರಾತ್ರೋರಾತ್ರಿ ಹೊಸ ಭಾಗಕ್ಕೆ ಸಾಗಿಸಿಬಿಟ್ಟಿದ್ದರು. ಬಾಗಿಲಲ್ಲಿ ಬ್ರೌನ್ ಶೀಟಿನ ಮೇಲೆ ಬಾಣ ಬರೆದ ನಕ್ಷೆ ಇತ್ತು, ವಾರ ವಾರ ಬದಲಾಗುತ್ತಿತ್ತು. ಅದನ್ನು ಹಿಡಿದು ಓಡಿದೆ. ಎಮ್ಮೆಗಳು ಸಿಕ್ಕವು. ನನ್ನ ಪುಸ್ತಕ ಇಲ್ಲ. ಅದರ ಜಾಗದಲ್ಲಿ ಒಂದು ಚೀಟಿ. ಸರ್ ಅವರ ಗುಂಡಗಿನ ಅಕ್ಷರ: ‘ತಪ್ಪಿಸಿಕೊಂಡಿದ್ದ ಜಾನುವಾರನ್ನು 330ರ ಕೊಟ್ಟಿಗೆಯಲ್ಲಿ ಕಟ್ಟಲಾಗಿದೆ. ವಾರಸುದಾರರು ಬಂದು ಕಾಣುವುದು.’

ಹೋಗಿ ಕಂಡೆ. ಬೈಗುಳ ತಿನ್ನಲು ಸಿದ್ಧಳಾಗೇ ಹೋಗಿದ್ದೆ. ಅವರು ಕನ್ನಡಕ ಒರೆಸಿಕೊಂಡು, “ಏನಮ್ಮಾ, ನಾಲ್ಕನೇ ಸೂತ್ರ ಯಾವುದು?” ಅಂದರು.

“ಓದುಗನ ಸಮಯ ಉಳಿಸು ಸರ್.”

“ನಿನ್ನ ಸಮಯ ಉಳಿಸ್ಕೊಂಡೆ. ಮಿಕ್ಕ ಇಪ್ಪತ್ತೊಂದು ಜನದ್ದು?”

ಶಿಕ್ಷೆ ಏನು ಗೊತ್ತಾ? ಪರೀಕ್ಷೆ ಮುಗಿದ ಮೇಲೆ ಹದಿನೈದು ದಿನ, ಸಂಜೆ ಅಟೆಂಡರಣ್ಣನ ಜೊತೆ ನಂಬರಿನ ಪ್ರಕಾರ ಪುಸ್ತಕ ಜೋಡಿಸುವುದು. ಪ್ರತಿ ಹಲಗೆಯಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಬೇಕು, ನಾಳೆ ಬರುವ ಪುಸ್ತಕಕ್ಕೆ. ಅಟೆಂಡರಣ್ಣನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ 894.814 ಅಂದರೆ ಕನ್ನಡ ಸಾಹಿತ್ಯ, .812 ಅಂದರೆ ಮಲಯಾಳಂ ಅಂತ ನಿದ್ದೆಯಲ್ಲೂ ಹೇಳುತ್ತಿದ್ದ. ಬೆನ್ನಿನ ಬಣ್ಣ ನೋಡಿಯೇ ಪುಸ್ತಕ ಗುರುತಿಸುತ್ತಿದ್ದ. ಆ ಹದಿನೈದು ದಿನದಲ್ಲಿ ನನ್ನಂಥವರು ಬಚ್ಚಿಟ್ಟ ಹನ್ನೊಂದು ಪುಸ್ತಕ ಸಿಕ್ಕವು. ಒಂದು ಜ್ಯೋತಿಷ್ಯದ ನಡುವೆ ಇತ್ತು. ಬಚ್ಚಿಟ್ಟವರು ಪಿಎಚ್‌ಡಿ ಮಾಡುತ್ತಿದ್ದ ಮಹನೀಯರು. ಈಗ ದೊಡ್ಡ ಹುದ್ದೆಯಲ್ಲಿದ್ದಾರೆ, ಬಿಡಿ.

ಕೊನೆಗೆ ಗೋಡೆ ಒಡೆದ ಭಾನುವಾರ ಹಾಸ್ಟೆಲ್ಲಿನವರೆಲ್ಲ ಸಾಲಾಗಿ ನಿಂತೆವು. ಮನೆಗೆ ಮೋಲ್ಡ್ ಹಾಕುವಾಗ ಬಾಂಡ್ಲಿ ದಾಟಿಸುತ್ತಾರಲ್ಲ, ಹಾಗೆ ಕೈಯಿಂದ ಕೈಗೆ ವಿಶ್ವಕೋಶಗಳನ್ನು ದಾಟಿಸಿದೆವು. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಾಗಿಲು ತೆಗೆಯಿತು. 2014ರ ಜನವರಿಯಲ್ಲಿ ಲಾಟ್ವಿಯಾದ ರಿಗಾ ನಗರದಲ್ಲಿ ಸುಮಾರು 14 ಸಾವಿರ ಜನ ಹೀಗೇ ಸಾಲು ನಿಂತು ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳನ್ನು ಹೊಸ ಕಟ್ಟಡಕ್ಕೆ ದಾಟಿಸಿದ ಸುದ್ದಿ ಓದಿದೆ. ಒಳ್ಳೇದೇ. ನಾವು ಇಪ್ಪತ್ತೈದು ವರ್ಷ ಮೊದಲೇ ಮಾಡಿದ್ದೆವು, ಫೋಟೋ ತೆಗೆಯುವವರು ಇರಲಿಲ್ಲ ಅಷ್ಟೇ.

ಬ್ಯಾಂಕಿನಲ್ಲಿ ನಾನು ಮೂರು ಶಾಖೆಗಳ ರಿಪೇರಿ ಮಾಡಿಸಿದೆ. ಒಂದರಲ್ಲೂ ಕೌಂಟರ್ ಅರ್ಧ ದಿನವೂ ಮುಚ್ಚಲಿಲ್ಲ. ಮೇಲಿನವರು ಬೆನ್ನು ತಟ್ಟಿದರು. ಒದ್ದೆ ಗೋಣಿತಾಟಿನ ವಿದ್ಯೆ ಎಲ್ಲಿಂದ ಬಂತು ಅಂತ ಅವರಿಗೆ ಹೇಳಲಿಲ್ಲ. ನನ್ನ ಮಗಳ ಕಾಲೇಜಿನಲ್ಲಿ ಲೈಬ್ರರಿಗೆ ಎಸಿ ಹಾಕಿಸಲು ಎಂಟು ತಿಂಗಳು ಬೀಗ ಹಾಕಿದ್ದರು. “ಎಲ್ಲಾ ಪಿಡಿಎಫ್ ಸಿಗುತ್ತಲ್ಲ ಅಮ್ಮಾ” ಅಂದಳು. ಬೀಗ ಹಾಕಿದ್ದು ಅವರ ಬ್ಯಾಚಿನ ಒಬ್ಬರಿಗೂ ಸಿಟ್ಟು ತರಿಸಲಿಲ್ಲ. ನನಗೆ ಅದೇ ಜಾಸ್ತಿ ಬೇಜಾರಾಯಿತು.

ಸರ್ ಅವರ ನೆನಪಿನ ಸಭೆಗೆ ಹೋಗಿದ್ದೆ. ಎರಡು ಗಂಟೆ ಭಾಷಣ. ಶಿಸ್ತು, ಸರಳತೆ ಎಲ್ಲ ಬಂತು. ಆ ಎರಡು ವರ್ಷದ ಮಾತು ಬರಲಿಲ್ಲ. ನನ್ನನ್ನು ಕರೆದರೆ ಹೇಳೋಣ ಅಂತ ಚೀಟಿ ಬರೆದಿಟ್ಟುಕೊಂಡಿದ್ದೆ, ಕರೆಯಲಿಲ್ಲ. ಮುಗಿದ ಮೇಲೆ ಸುಮ್ನೆ ಲೈಬ್ರರಿಯ ಕಡೆ ನಡೆದೆ. ಹಳೇ ಕೆಂಪು ನೆಲ, ಹೊಸ ಮೊಸಾಯಿಕ್ ಸೇರುವ ಕಡೆ ಅರ್ಧ ಇಂಚು ಏರು ಉಳಿದಿತ್ತು, ತಳ್ಳುಗಾಡಿ ಅಲ್ಲಿ ‘ಟಕ್’ ಅನ್ನುತ್ತಿತ್ತು. ಅದನ್ನೊಮ್ಮೆ ನೋಡುವ ಆಸೆ.

ಬಾಗಿಲಿಗೆ ಬೀಗ. ನೋಟೀಸು ಅಂಟಿಸಿದ್ದರು: ಮಾಜಿ ಗ್ರಂಥಪಾಲಕರ ಗೌರವಾರ್ಥ ಇಂದು ಗ್ರಂಥಾಲಯಕ್ಕೆ ರಜೆ.

ಮೆಟ್ಟಿಲ ಮೇಲೆ ಒಬ್ಬರು ಮುದುಕರು ಚಪ್ಪಲಿ ಬಿಚ್ಚಿಟ್ಟು ಕೂತಿದ್ದರು. ಅಟೆಂಡರಣ್ಣ. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, “636 ಅಲ್ವೇನಮ್ಮಾ?” ಅಂದ. ನೋಟೀಸಿನ ಕಡೆ ಕೈ ತೋರಿಸಿದೆ.

“ಹೂಂ, ಬೆಳಿಗ್ಗೇನೇ ನೋಡ್ದೆ,” ಅಂದ. “ಇವತ್ತು ಅವರಿಗೆ ಕಾಣಿಸದೇ ಇದ್ದಿದ್ದೇ ಒಳ್ಳೇದಾಯ್ತು.”