ಆ ಹಸಿರು ಯಾವ ಊರಿನದು?

"ಇದು ಅಲ್ಲಿಯದಾ, ಇಲ್ಲಿಯದಾ?" ನನ್ನ ಚಿತ್ರಗಳ ಮುಂದೆ ನಿಂತವರು ಕೇಳುವ ಪ್ರಶ್ನೆ ಇದು. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ. 11 ವರ್ಷದಿಂದ ಇರುವುದು ಅಮೆರಿಕದ ಸಿಯಾಟಲ್‌ನಲ್ಲಿ. ಬಿಡಿಸುವುದು ಮರ, ಮಳೆ, ಬೆಟ್ಟ, ಎಲ್ಲ ಜಲವರ್ಣದಲ್ಲಿ.

ಮೊದಲೆಲ್ಲ "ಎರಡೂ ಕಡೆಯದು" ಅಂತ ಸುಮ್ನೆ ಹೇಳಿ ಮುಗಿಸುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ.

ಎರಡೂ ಮಳೆಯ ಊರು, ಬಿಡಿಸುವುದು ಸುಲಭ ಅಂದುಕೊಂಡಿದ್ದೆ. ಆದರೆ ಇಲ್ಲಿ ಬೇಸಿಗೆ ಒಣ, ಮಳೆಯೆಲ್ಲ ಚಳಿಗಾಲದ್ದು. ಡಿಸೆಂಬರಿನಲ್ಲಿ ಸಂಜೆ 4.20ರ ಸುಮಾರಿಗೆ ಸೂರ್ಯ ಮುಳುಗಿಬಿಡುತ್ತಾನೆ. ನಡು ಮಧ್ಯಾಹ್ನವೂ ನೆರಳು ಉದ್ದ. ಡಗ್ಲಸ್ ಫರ್ ಮರಗಳ ಹಸಿರಿನಲ್ಲಿ ನೀಲಿ ಜಾಸ್ತಿ, ದೂರದಿಂದ ಕಪ್ಪೇ ಅನ್ನಿಸುತ್ತದೆ. ನಮ್ಮ ಹಸಿರಿನಲ್ಲಿ ಹಳದಿ ಇದೆ. ನಾಟಿಗೆ ಬಂದ ಅಗೆ ನೋಡಿದವರಿಗೆ ಗೊತ್ತು.

ನನ್ನ ಕೈ ಮಾತ್ರ ಮಾತು ಕೇಳಲಿಲ್ಲ. ಫರ್ ಕಾಡಿನ ಎದುರೇ ಕೂತರೂ ಕುಂಚ ಹಳದಿಗೇ ಹೋಗುತ್ತಿತ್ತು. ಪಕ್ಕದಲ್ಲಿ ಬಿಡಿಸುತ್ತಿದ್ದ ಗೆಳತಿ "ಇಲ್ಲಿ ಇಷ್ಟು ಬಿಸಿಲೆಲ್ಲಿದೆ?" ಅಂದಳು. ತಿದ್ದಿಕೊಳ್ಳಲು ನಾಲ್ಕು ಚಳಿಗಾಲ ಹಿಡಿಯಿತು.

ಆಮೇಲೆ ಊರಿಗೆ ಹೋದಾಗ ನಮ್ಮ ತೋಟವನ್ನು ಬಿಡಿಸಿದೆ. ಅಮ್ಮ ನೋಡಿ, "ಇದೆಂತದು ಮಾರಾಯ್ತಿ, ಇಡೀ ತೋಟಕ್ಕೆ ಮೈಲುತುತ್ತ ಹೊಡೆದ ಹಾಗಿದೆಯಲ್ಲ!" ಅಂದಳು. ಕೊಳೆರೋಗಕ್ಕೆ ಔಷಧಿ ಹೊಡೆದಾಗ ಗೊನೆಗೆಲ್ಲ ಅಂಟುವ ಆ ನೀಲಿ ನಾನು ಚಿಕ್ಕಂದಿನಿಂದ ನೋಡಿದ್ದು. ಅಮ್ಮ ಹೇಳಿದ್ದು ನಿಜ. ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ಊರೂ ಕೈತಪ್ಪಿ ಹೋದವು ಅನ್ನಿಸಿ ಅತ್ತುಬಿಟ್ಟೆ.

ವಾಪಸ್ ಹೊರಡುವ ಮುಂಚೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳ ಮುಂದೆ ತುಂಬಾ ಹೊತ್ತು ನಿಂತಿದ್ದೆ. 1904ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಕುಲು ಕಣಿವೆಯಲ್ಲಿ ಬಾಳಿ, ದೇವಿಕಾ ರಾಣಿಯವರನ್ನು ಮದುವೆಯಾಗಿ, ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿದರು. 1993ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಆ ಗಾಢ ಬಣ್ಣಗಳು ಯಾವ ದೇಶದವು ಅಂತ ಕೇಳಬೇಕು ಎಂದು ನನಗೆ ಅನ್ನಿಸಲೇ ಇಲ್ಲ. ಅವು ಅವರ ಬಣ್ಣಗಳು, ಅಲ್ವಾ?

ಈಗ ಯಾರಾದರೂ ಕೇಳಿದರೆ ನಾನು ಬಿಡಿಸುವ ರೀತಿಯನ್ನೇ ಹೇಳುತ್ತೇನೆ. ಮೊದಲು ಇಡೀ ಕಾಗದಕ್ಕೆ ತೆಳ್ಳಗೆ ಹಳದಿ ಬಳಿಯುತ್ತೇನೆ. ಅದು ಪೂರ್ತಿ ಒಣಗಬೇಕು. ಹಸಿ ಇರುವಾಗಲೇ ನೀಲಿ ಹಚ್ಚಿದರೆ ಎರಡೂ ಕಲೆತು ಒಂದು ಸಾದಾ ಹಸಿರಾಗುತ್ತದೆ. ಒಣಗಿದ ಮೇಲೆ ಇಂಡಿಗೊ ಹಚ್ಚಿದರೆ ಫರ್ ಮರದ ಹಸಿರೂ ಬರುತ್ತದೆ, ಅಡಿಯಿಂದ ಹಳದಿಯೂ ಹೊಳೆಯುತ್ತದೆ. ಮಳೆಗಾಲದಲ್ಲಿ ಊರಲ್ಲಾದರೆ ಅದು ಒಣಗುವ ಹೊತ್ತಿಗೆ ಎರಡು ಸಲ ಕಾಫಿ ಆಗಿರುತ್ತದೆ. ಇಲ್ಲಿ ಹೀಟರ್ ಪಕ್ಕ ಇಟ್ಟು ಕಾಯುತ್ತೇನೆ.

ಆಮೇಲೆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಲ್ಲಿ ನೋಡಿ, ಈ ಕೊಂಬೆಯ ಕೆಳಗೆ, ಅನ್ನುತ್ತೇನೆ.