10ರಲ್ಲಿ 4 ಕಳೆದು 3 ಕೂಡಿದರೆ

ಐದನೇ ತರಗತಿಗೆ ಮೊದಲ ಸಲ ಗಣಿತ ತೆಗೆದುಕೊಂಡ ವರ್ಷ ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕು ಎಂದು ಹೇಳುವ ಬೋಡ್‌ಮಾಸ್ ನಿಯಮವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಆವರಣ, ಭಾಗಾಕಾರ, ಗುಣಾಕಾರ, ಕೂಡುವುದು, ಕಳೆಯುವುದು. ಇಡೀ ತರಗತಿ ರಾಗವಾಗಿ ಹೇಳುತ್ತಿತ್ತು.

ಕಿರುಪರೀಕ್ಷೆಯಲ್ಲಿ 10 − 4 + 3 ಕೊಟ್ಟೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 3 ಅಂತ ಬರೆದಿದ್ದರು. ತಪ್ಪು ಹಾಕಿ ಹಾಳೆ ವಾಪಸ್ ಕೊಟ್ಟಾಗ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ಕೂಡೋದು ಮೊದಲು, ಕಳೆಯೋದು ಆಮೇಲೆ ಅಂತ ನೀವೇ ಹೇಳಿದ್ರಲ್ಲ?"

ಹೌದು, ಹೇಳಿದ್ದೆ. ಅವಳು 4 + 3 ಕೂಡಿ, ಬಂದ 7ನ್ನು 10ರಿಂದ ಕಳೆದಿದ್ದಳು. ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಕೂಡುವುದು, ಕಳೆಯುವುದು ಎರಡಕ್ಕೂ ಒಂದೇ ಸ್ಥಾನ, ಎಡದಿಂದ ಯಾವುದು ಮೊದಲು ಬರುತ್ತದೋ ಅದನ್ನೇ ಮೊದಲು ಮಾಡಬೇಕು ಎಂಬುದನ್ನು ನಾನು ಹೇಳಿರಲೇ ಇಲ್ಲ. ಗುಣಾಕಾರ, ಭಾಗಾಕಾರವೂ ಹಾಗೆಯೇ. ಅಮೆರಿಕದ ಮಕ್ಕಳು ಇದೇ ನಿಯಮವನ್ನು ಪೆಮ್‌ಡಾಸ್ ಅಂತ ಕಲಿಯುತ್ತಾರೆ; ಅದರಲ್ಲಿ ಗುಣಾಕಾರದ ಹೆಸರು ಭಾಗಾಕಾರಕ್ಕಿಂತ ಮುಂದಿದೆ. ಆದರೂ ಉತ್ತರ ಬೇರೆ ಬರುವುದಿಲ್ಲ.

ಆವತ್ತು ಬೋರ್ಡ್ ಒರೆಸಿ ಕೇಳಿದೆ: ಬಸ್ಸಿನಲ್ಲಿ 10 ಜನ ಇದ್ದರು. 4 ಜನ ಇಳಿದರು, 3 ಜನ ಹತ್ತಿದರು. ಈಗ ಎಷ್ಟು? "ಒಂಬತ್ತು!" ಒಬ್ಬರೂ ತಪ್ಪಲಿಲ್ಲ. ಆ ಹುಡುಗಿಯ ಹಾಳೆಯ ಮೇಲಿನ ತಪ್ಪು ಗುರುತನ್ನು ಅಳಿಸಿದೆ.

ಈಗ ನಾನು ನಿಯಮದಿಂದ ಶುರು ಮಾಡುವುದಿಲ್ಲ, ಅಂಗಡಿಯಿಂದ ಶುರು ಮಾಡುತ್ತೇನೆ. 5 ರೂಪಾಯಿಯ ಒಂದು ರಬ್ಬರ್, 10 ರೂಪಾಯಿಯ 3 ನೋಟ್‌ಬುಕ್. ಬೋರ್ಡ್ ಮೇಲೆ 5 + 3 × 10. ಸುಮ್ನೆ ಎಡದಿಂದ ಮಾಡಿಕೊಂಡು ಹೋದರೆ 80. "ಅಂಗಡಿಯವರು 80 ಕೇಳಿದರೆ ಕೊಡ್ತೀರಾ?" ಅಂದರೆ ತರಗತಿಯೇ ಜಗಳಕ್ಕೆ ನಿಲ್ಲುತ್ತದೆ. ಆಗ 3 × 10 ಬಿಡಿಸಿ 5 + 10 + 10 + 10 ಅಂತ ಬರೆಸುತ್ತೇನೆ. 5 ಅನ್ನುವುದು ರೂಪಾಯಿ, 3 ಅನ್ನುವುದು ಪುಸ್ತಕದ ಲೆಕ್ಕ. ಅವೆರಡನ್ನು ಕೂಡುವುದು ಹೇಗೆ, ಅಲ್ವಾ? ಮೂವರು ಮಕ್ಕಳು ತಲಾ ಒಂದು ರಬ್ಬರ್, ಒಂದು ನೋಟ್‌ಬುಕ್ ಕೊಂಡರೆ ಮಾತ್ರ ಆವರಣ ಬೇಕು: (5 + 10) × 3.

ಹೋದ ವರ್ಷ ಒಬ್ಬ ಹುಡುಗ ಅಪ್ಪನ ಅಂಗಡಿಯ ಕ್ಯಾಲ್ಕುಲೇಟರ್ ತಂದಿದ್ದ. ಅದರಲ್ಲಿ 5 + 3 × 10 ಒತ್ತಿದರೆ 80, ನನ್ನ ಮೊಬೈಲಿನಲ್ಲಿ 35. ಮಕ್ಕಳು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಗುಂಡಿ ಒತ್ತಿ ನೋಡಿದರು. × ಒತ್ತುತ್ತಿದ್ದ ಹಾಗೆ ಅಪ್ಪನ ಕ್ಯಾಲ್ಕುಲೇಟರ್ 8 ತೋರಿಸಿಬಿಟ್ಟಿತು.

"ಮಿಸ್, ಇದು ಪೂರ್ತಿ ಕೇಳಿಸಿಕೊಳ್ಳೋದೇ ಇಲ್ಲ" ಅಂದ. "ಇದರಲ್ಲಿ ಮೊದಲು 3 × 10 ಒತ್ತಬೇಕು, ಆಮೇಲೆ 5."